ಲಿವಿಂಗ್ ವಿಲ್ ಬರೆಸಿಕೊಡುವ ಧರ್ಮಕೇಂದ್ರದ ನೆರವು ಘಟಕ: ಒಂದು ವಿಮರ್ಶೆ

ಬೆಂಗಳೂರಿನ ಕಥೋಲಿಕ ಧರ್ಮಕೇಂದ್ರವೊಂದು ಹಿರಿಯರಿಗೆ ಲಿವಿಂಗ್ ವಿಲ್ ಬರೆಸಿಕೊಡುವ ನೆರವು ಘಟಕವನ್ನು ನಡೆಸುತ್ತಿದೆ. ತಾಯಿಯವರೊಂದಿಗೆ ಅಲ್ಲಿಗೆ ಹೋಗಿಬಂದೆ. ಚೇತರಿಕೆಯ ಆಸೆಯೇ ಇಲ್ಲದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರವೇ ಲಿವಿಂಗ್ ವಿಲ್; ಅದನ್ನು ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಈ ಕುರಿತು ಸುತ್ತೋಲೆ ಹೊರಡಿಸಿದ ಮೇಲಂತೂ ‘ಇದು ದಯಾಮರಣವಲ್ಲವೇ, ಪಾಪವಲ್ಲವೇ’ ಎಂಬ ಪ್ರಶ್ನೆ ನಮ್ಮ ಮನೆಯಲ್ಲೂ ಎದ್ದಿತ್ತು.

ಈ ಪ್ರಶ್ನೆಗೆ ಘಟಕ ಕೊಡುವ ಉತ್ತರವೇ ಅದರ ನಿಜವಾದ ಬಲ. ತೀವ್ರ ನಿಗಾ ಘಟಕದಲ್ಲಿ ದಾದಿಯಾಗಿದ್ದ ಸಿಸ್ಟರ್ ಒಬ್ಬರು, ವೆಂಟಿಲೇಟರ್ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ಮೊದಲು ವಿವರಿಸುತ್ತಾರೆ. ಧರ್ಮಬೋಧನೆ ಬರುವುದು ಆಮೇಲೆ. ರೋಗಿಗೆ ವಿಪರೀತ ಹೊರೆಯಾಗುವ ಅಸಾಧಾರಣ ಚಿಕಿತ್ಸೆಯನ್ನು ಸ್ವೀಕರಿಸಲೇಬೇಕೆಂಬ ಕಟ್ಟುಪಾಡಿಲ್ಲವೆಂದು ಪೋಪ್ ಹನ್ನೆರಡನೇ ಪಿಯುಸ್ 1957ರಲ್ಲೇ ಅರಿವಳಿಕೆ ತಜ್ಞರಿಗೆ ಹೇಳಿದ್ದರು. ಸಾವು ಸಮೀಪಿಸಿರುವಾಗ ಯಾತನೆಯನ್ನಷ್ಟೇ ಲಂಬಿಸುವ ಚಿಕಿತ್ಸೆಯನ್ನು ನಿರಾಕರಿಸಬಹುದು, ಆದರೆ ಮಾಮೂಲಿ ಆರೈಕೆಯನ್ನು ನಿಲ್ಲಿಸಬಾರದು ಎಂದು ವ್ಯಾಟಿಕನ್ 1980ರಲ್ಲಿ ಸ್ಪಷ್ಟಪಡಿಸಿತು. ಸಾಯಿಸುವ ಉದ್ದೇಶದಿಂದ ಮದ್ದು ಕೊಡುವುದಕ್ಕೂ, ತಡೆಯಲಾಗದ ಸಾವಿಗೆ ಅಡ್ಡ ನಿಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ಸಿಸ್ಟರ್ ಎಷ್ಟು ನಿಚ್ಚಳವಾಗಿ ಬಿಡಿಸಿಟ್ಟರೆಂದರೆ, ಅಲ್ಲಿಯವರೆಗೆ ಜಪಸರವನ್ನೇ ನೋಡುತ್ತಾ ಕುಳಿತಿದ್ದ ಅಮ್ಮ ತಲೆಯೆತ್ತಿ, ‘ಹಾಗಾದರೆ ನೋವಿನ ಇಂಜೆಕ್ಷನ್ ಬೇಡ ಅನ್ನಬೇಕಿಲ್ಲ ತಾನೇ?’ ಎಂದು ಕೇಳಿದರು. ಬೇಕಿಲ್ಲ, ನೋವು ಶಮನವೇ ಗುರಿಯಾಗಿರುವಾಗ ಆಯಸ್ಸು ತುಸು ಕಡಿಮೆಯಾದೀತೆಂಬ ಅಂಜಿಕೆಯಿಂದ ಔಷಧಿಯನ್ನು ತಡೆಹಿಡಿಯಬೇಕಾಗಿಲ್ಲವೆಂಬ ಮಾತೂ 1957ರದ್ದೇ.

ಘಟಕ ಎಡವುವುದು ಆಹಾರ ನಳಿಕೆಯ ವಿಷಯದಲ್ಲಿ. ನಳಿಕೆಯ ಮೂಲಕ ಕೊಡುವ ಅನ್ನ ನೀರು ಚಿಕಿತ್ಸೆಯಲ್ಲ, ತಾತ್ವಿಕವಾಗಿ ಸಾಮಾನ್ಯ ಆರೈಕೆಯೇ ಎಂದು ಪೋಪ್ ಎರಡನೇ ಜಾನ್ ಪಾಲ್ 2004ರಲ್ಲಿ ಹೇಳಿದರು. ದೇಹಕ್ಕೆ ಪೋಷಣೆ ದಕ್ಕುವವರೆಗೆ, ನೋವಿಗೆ ಉಪಶಮನ ಸಿಗುವವರೆಗೆ ಎಂಬ ಮಿತಿಯೂ ಆ ಮಾತಿನಲ್ಲೇ ಇದೆ. ಘಟಕದ ಅಚ್ಚಾದ ನಮೂನೆಯಲ್ಲಿ ಮಾತ್ರ ವೆಂಟಿಲೇಟರ್, ಡಯಾಲಿಸಿಸ್, ನಳಿಕೆ ಮೂರೂ ಒಂದೇ ಸಾಲಿನಲ್ಲಿವೆ, ಮೂರಕ್ಕೂ ಒಂದೇ ಚೌಕ. ಗುರುತು ಹಾಕುವವರಿಗೆ ತಮ್ಮ ಧರ್ಮಸಭೆಯೇ ಬೇರ್ಪಡಿಸಿರುವುದನ್ನು ತಾವು ಕೂಡಿಸುತ್ತಿದ್ದೇವೆಂಬುದು ಗೊತ್ತಾಗುವುದಿಲ್ಲ. ಕೇಳಿದಾಗ ‘ಅದನ್ನು ಗುರುಗಳು ನೋಡುತ್ತಾರೆ’ ಎಂಬ ಉತ್ತರ ಬಂತು. ಗುರುಗಳು ಅಂದು ಇರಲಿಲ್ಲ. ಪಕ್ಕದಲ್ಲಿದ್ದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟಂಟ್ ಸಭೆಯ) ದಂಪತಿಗೆ ಪೋಪರ ಬೋಧನೆಯ ಕಟ್ಟಿಲ್ಲ, ಅವರಿಗಾಗಿ ಪ್ರತ್ಯೇಕ ಮಾತೂ ಇರಲಿಲ್ಲ.

ಕಾನೂನಿನ ಭಾಗ ಅಚ್ಚುಕಟ್ಟಾಗಿದೆ. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಮುಂದೆ ಆಸ್ಪತ್ರೆಯಲ್ಲಿ ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕೆಂಬುದನ್ನೆಲ್ಲ ವಕೀಲರು ಬೇಗನೆ ಮುಗಿಸಿದರು. ತನ್ನ ಪರವಾಗಿ ನಿರ್ಧರಿಸಲು ಯಾರನ್ನು ಹೆಸರಿಸಬೇಕೆಂಬ ಚರ್ಚೆಗೆ ಅವರು ಕೊಟ್ಟ ಸಮಯ ನನಗೆ ಹಿಡಿಸಿತು: ಹೆಚ್ಚು ಪ್ರೀತಿಸುವವರಿಗಿಂತ, ವೈದ್ಯರ ಎದುರು ಅಳದೆ ಮಾತಾಡಬಲ್ಲವರನ್ನು ಆರಿಸಿ ಎಂದರು. ಅಮ್ಮ ನನ್ನನ್ನು ಬಿಟ್ಟು ತಂಗಿಯ ಹೆಸರು ಬರೆಸಿದರು.

ಸೇವೆ ಉಚಿತ, ನೋಟರಿ ಶುಲ್ಕ ನಮ್ಮದು. ಹೋಗುವವರು ನಳಿಕೆಯ ಬಗ್ಗೆ ತಮ್ಮ ವೈದ್ಯರಲ್ಲೂ ಪಾದ್ರಿಗಳಲ್ಲೂ ಮೊದಲೇ ಮಾತಾಡಿಕೊಂಡು, ಆ ಒಂದು ಸಾಲನ್ನು ಹೊಡೆದುಹಾಕಿ ಕೈಬರಹದಲ್ಲಿ ಬರೆಯಲು ಅವಕಾಶ ಕೇಳಬೇಕು. ಕೇಳಿದವರಿಗೆ ಅವರು ಇಲ್ಲವೆನ್ನುವುದಿಲ್ಲ.