ಲಾಟೀನು ಹಿಡಿದ ಮುದುಕ: ಒಂದೇ ಎಲೆ ಇಟ್ಟುಕೊಂಡು ನಾಲ್ಕು ಟ್ಯಾರೋ ಡೆಕ್‌ಗಳ ಪರೀಕ್ಷೆ

ಟ್ಯಾರೋ ಎಂದರೆ ಮೊದಲು ಆಟಕ್ಕೆ, ಮುಂದೆ ಭವಿಷ್ಯ ಹೇಳಲು ಬಳಕೆಗೆ ಬಂದ ಚಿತ್ರದೆಲೆಗಳ ಕಟ್ಟು. ಹೊಸ ಟ್ಯಾರೋ ಡೆಕ್ ಕೈಗೆ ಬಂದ ಕೂಡಲೇ ಹೆಚ್ಚಿನವರು ಹುಡುಕುವುದು ಸಾವು, ಪ್ರೇಮಿಗಳು, ಗೋಪುರ, ಈ ಮೂರು ಎಲೆಗಳನ್ನು. ಚಿತ್ರ ಕಣ್ಣಿಗೆ ಹೊಡೆಯುತ್ತದೆ, ನಿಜ. ಡೆಕ್‌ನ ಹೂರಣ ತಿಳಿಯಬೇಕಾದರೆ ಮಾತ್ರ ಹರ್ಮಿಟ್, ಅಂದರೆ ಏಕಾಂತವಾಸಿ ಸನ್ಯಾಸಿ, ಎಂಬ ಒಂಬತ್ತನೆಯ ಎಲೆಯನ್ನು ತೆಗೆಯಬೇಕು. ಒಬ್ಬ ಮುದುಕ, ಒಂದು ಕೋಲು, ಇನ್ನೊಂದು ಕೈಯಲ್ಲಿ ಏನೋ ಒಂದು ವಸ್ತು. ಅಷ್ಟೇ ಸಾಮಾನು. ಇಷ್ಟು ಖಾಲಿ ಚಿತ್ರದಲ್ಲಿ ಕಲಾವಿದರು ಯಾವುದನ್ನು ಬದಲಿಸಿದರೂ ಎದ್ದು ಕಾಣುತ್ತದೆ, ಮತ್ತು ಆ ಬದಲಾವಣೆಯೊಂದಿಗೆ ಎಲೆಯ ಅರ್ಥವೂ ಬದಲಾಗುತ್ತದೆ. ‘ಹರ್ಮಿಟ್ ಎಂದರೆ ಏಕಾಂತ, ಒಳನೋಟ’ ಎಂದು ಬಾಯಿಪಾಠ ಮಾಡಿ ಎಲ್ಲ ಡೆಕ್‌ಗೂ ಅದನ್ನೇ ಹಚ್ಚುವವರು ಎಡವುವುದು ಇಲ್ಲೇ. ಹೀಗಾಗಿ ವಿಸ್ಕೊಂಟಿ-ಸ್ಫೋರ್ಜಾ, ಮಾರ್ಸೇ, ರೈಡರ್-ವೇಟ್-ಸ್ಮಿತ್, ಥಾತ್ ಎಂಬ ನಾಲ್ಕು ಡೆಕ್‌ಗಳನ್ನು ಇಲ್ಲಿ ಈ ಒಂದೇ ಎಲೆಯಿಂದ ತೂಗಿದ್ದೇವೆ.

ವಿಸ್ಕೊಂಟಿ-ಸ್ಫೋರ್ಜಾ 15ನೇ ಶತಮಾನದ ನಡುಭಾಗದ್ದು, ಮಿಲಾನಿನ ಆಳುವ ಮನೆತನಕ್ಕಾಗಿ ಕೈಯಲ್ಲೇ ಬರೆದದ್ದು. ಬೊನಿಫಾಚೊ ಬೆಂಬೊ ಎಂಬ ಚಿತ್ರಕಾರನ ಕೈ ಎಂದು ಹೇಳುವುದು ರೂಢಿ. ಉಳಿದಿರುವುದು 74 ಎಲೆ: 35 ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ, 26 ಬೆರ್ಗಾಮೊದ ಅಕಾಡೆಮಿಯಾ ಕರಾರಾದಲ್ಲಿ, 13 ಕೊಲಿಯೋನಿ ಮನೆತನದಲ್ಲಿ. ಸೈತಾನ, ಗೋಪುರ, ಕತ್ತಿಗಳ ಮೂರು, ನಾಣ್ಯಗಳ ಸವಾರ ಈ ನಾಲ್ಕು ಸಿಕ್ಕೇ ಇಲ್ಲ. ಈಗ ಮಾರಾಟದಲ್ಲಿರುವ 78 ಎಲೆಯ ಪೂರ್ತಿ ಡೆಕ್‌ಗಳಲ್ಲಿ ಆ ನಾಲ್ಕು ಇತ್ತೀಚಿನವರ ಕಲ್ಪನೆ. ಅವುಗಳ ಸಂಕೇತ ಬಿಡಿಸುತ್ತ 15ನೇ ಶತಮಾನದ ಮಾತಾಡಿದರೆ ನಗೆಪಾಟಲು.

ಹರ್ಮಿಟ್ ಎಲೆ ಉಳಿದವುಗಳ ಪೈಕಿಯದು. ಅದರ ಮೇಲೆ ಹೆಸರಿಲ್ಲ, ಸಂಖ್ಯೆಯಿಲ್ಲ. ಚಿನ್ನದ ಹಿನ್ನೆಲೆ, ಉದ್ದ ಬಿಳಿಗಡ್ಡ, ಬೆಲೆಬಾಳುವ ಉಡುಪು. ಸನ್ಯಾಸಿಯ ಬಡತನ ಎಲ್ಲೂ ಕಾಣದು. ಕೈಯಲ್ಲಿರುವುದನ್ನು ಹತ್ತಿರ ಹಿಡಿದು ನೋಡಿ: ಅದು ಲಾಟೀನಲ್ಲ, ಮರಳುಗಡಿಯಾರ. ಇಟಲಿಯ ಹಳೆಯ ಆಟಗಾರರು ಈ ಎಲೆಯನ್ನು ಕಾಲ, ಮುದುಕ, ಗೂನ ಎಂದೆಲ್ಲ ಕರೆಯುತ್ತಿದ್ದರು. ಫ್ಲಾರೆನ್ಸಿನ ಮಿಂಕಿಯಾಟೆ ಡೆಕ್‌ನಲ್ಲಂತೂ ಮುದುಕ ಎರಡು ಊರುಗೋಲುಗಳ ಮೇಲೆ ಭಾರ ಬಿಟ್ಟಿದ್ದಾನೆ, ಮರಳುಗಡಿಯಾರಕ್ಕೆ ಬಾಣ ನಾಟಿದೆ, ಹಿಂದೆ ಜಿಂಕೆ. ಇವನು ಸತ್ಯ ಹುಡುಕುವವನಲ್ಲ, ‘ಹೊತ್ತಾಯಿತು’ ಎನ್ನುವವನು. ಆದ್ದರಿಂದ ಈ ಡೆಕ್‌ನಲ್ಲಿ ಈ ಎಲೆ ಬಿದ್ದರೆ ‘ಒಬ್ಬರೇ ಕೂತು ಯೋಚಿಸಿ’ ಎನ್ನುವುದು ಚಿತ್ರದಲ್ಲಿ ಇಲ್ಲದ ಮಾತು. ಗಡುವು, ತಡ, ವಯಸ್ಸು, ಕಾಯುವಿಕೆ: ಚಿತ್ರ ಕೊಡುವುದು ಇವನ್ನು.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಮೂಲ ಎಲೆಗಳ ಎತ್ತರವೇ ಸುಮಾರು 17 ಸೆಂ.ಮೀ., ಅಗಲ 9 ಸೆಂ.ಮೀ.ಗೆ ಸ್ವಲ್ಪ ಕಡಿಮೆ. ಮೂಲ ಅಳತೆಯ ಪ್ರತಿ ಕೈಯಲ್ಲಿ ಕಲೆಸಲು ಒಗ್ಗುವುದಿಲ್ಲ, ಮೇಜಿನ ಮೇಲೆ ಹರಡಿ ಗುಡಿಸಿದಂತೆ ಕಲೆಸಬೇಕು. ಚಿನ್ನವನ್ನು ಹಳದಿ ಶಾಯಿಯಲ್ಲಿ ಮುದ್ರಿಸಿದ ಅಗ್ಗದ ಪ್ರತಿಗಳಲ್ಲಿ ಹಿನ್ನೆಲೆಯ ಒತ್ತುವಿನ್ಯಾಸ ಮಾಯವಾಗಿ ಸಾಸಿವೆ ಬಣ್ಣದ ಗೋಡೆ ಉಳಿಯುತ್ತದೆ. ಎಲೆಗಳ ಮೇಲ್ತುದಿಯಲ್ಲಿ ಮೊಳೆ ಹೊಡೆದ ತೂತು ಕಂಡರೆ ಮುದ್ರಣದೋಷ ಎಂದು ವಾಪಸ್ ಕಳಿಸಬೇಡಿ. ಅದು ಮೂಲದಲ್ಲೇ ಇದೆ, ಯಾವ ಕಾಲದಲ್ಲೋ ಯಾರೋ ಗೋಡೆಗೆ ತೂಗುಹಾಕಿದ್ದರ ಗುರುತು.

ಮರಳುಗಡಿಯಾರ ಲಾಟೀನಾದದ್ದು ಹೇಗೆ? ಮೇಲೆ ಹಿಡಿ, ಕೆಳಗೆ ತಟ್ಟೆ, ನಡುವೆ ಕಂಬಿಗಳು. ಎರಡರ ಹೊರರೇಖೆಯೂ ಒಂದೇ. ಮರದಚ್ಚು ಕೆತ್ತುವವರು ಸವೆದ ಅಚ್ಚಿನಿಂದ ನಕಲು ಮಾಡುತ್ತ ಹೋದಂತೆ ಗಾಜಿನ ನಡು ಅಳಿಸಿಹೋಯಿತು ಎಂಬುದೇ ಇರುವ ವಿವರಣೆಗಳಲ್ಲಿ ಹೆಚ್ಚು ನಂಬುವಂಥದ್ದು. ಪ್ಯಾರಿಸ್ಸಿನ ಝಾಂ ನೊಬ್ಲೆ 1650ರ ಆಸುಪಾಸಿನಲ್ಲಿ ಅಚ್ಚು ಹಾಕುವ ಹೊತ್ತಿಗೆ ಅದು ಲಾಟೀನಾಗಿ ನಿಂತಿತ್ತು. ಇಂದು ‘ಅರಿವಿನ ಬೆಳಕು’ ಎಂದು ನಾವು ಬರೆಯುವ ಪುಟಗಟ್ಟಲೆ ವ್ಯಾಖ್ಯಾನದ ಬುಡದಲ್ಲಿ ಒಬ್ಬ ಕೆತ್ತನೆಗಾರನ ಕಣ್ಣು ತಪ್ಪಿದ್ದಿರಬಹುದು. ಇದರಿಂದ ವ್ಯಾಖ್ಯಾನ ಸುಳ್ಳಾಗುವುದಿಲ್ಲ, ಬಿಗುಮಾನ ಸ್ವಲ್ಪ ಇಳಿಯುತ್ತದೆ ಅಷ್ಟೇ.

ಫ್ರಾನ್ಸಿನ ಮರದಚ್ಚಿನ ಡೆಕ್‌ಗಳಾದ ಮಾರ್ಸೇ ಮಾದರಿಯಲ್ಲಿ ಎಲ್ಲರೂ ಆಧಾರವಾಗಿ ಹಿಡಿಯುವುದು ನಿಕೊಲಾ ಕೊನ್ವೇರನ 1760ರ ಅಚ್ಚು. ಮೇಲೆ ಒಂಬತ್ತರ ರೋಮನ್ ಸಂಖ್ಯೆ ಐಎಕ್ಸ್ (IX) ಅಲ್ಲ: ಐದರ ಗುರುತಿನ ಪಕ್ಕ ನಾಲ್ಕು ಗೀಟು (VIIII). ಹತ್ತರಿಂದ ಒಂದು ಕಳೆಯುವ ಲೆಕ್ಕ ಇಲ್ಲಿಲ್ಲ, ಐದಕ್ಕೆ ನಾಲ್ಕು ಕೂಡಿಸುವ ಲೆಕ್ಕ. ‘ಹತ್ತಕ್ಕೆ ಒಂದು ಕಮ್ಮಿ, ಪೂರ್ಣತೆಯ ಹೊಸ್ತಿಲು’ ಎಂದು ಸಂಖ್ಯೆಯಿಂದ ಅರ್ಥ ಹೊರಡಿಸುವವರು ಈ ಡೆಕ್‌ನಲ್ಲಿ ಅದನ್ನು ಬಿಡಬೇಕು, ಇಲ್ಲಿ ಒಂಬತ್ತು ಎಂದರೆ ಪೇರಿಸಿದ್ದು. ಮುದುಕ ನೋಡುಗರ ಎಡಕ್ಕೆ ಮುಖ ಮಾಡಿದ್ದಾನೆ, ಲಾಟೀನನ್ನು ಮುಖದ ಎತ್ತರಕ್ಕೆ ಹಿಡಿದಿದ್ದಾನೆ, ಅದರ ಒಂದು ಪಾಲು ಮೇಲಂಗಿಯ ಮಡಿಕೆಯ ಮರೆಯಲ್ಲಿದೆ. ಗಾಳಿಗೆ ಆರದಂತೆ ಕಾಪಾಡುತ್ತಿದ್ದಾನೋ, ಬೇರೆಯವರಿಗೆ ಕಾಣದಂತೆ ಮುಚ್ಚುತ್ತಿದ್ದಾನೋ? ಈ ಎಲೆಯ ಜೀವಾಳ ಆ ಸಂದೇಹದಲ್ಲಿದೆ. ಪ್ರಶ್ನೆ ಯಾವುದೆಂಬುದರ ಮೇಲೆ ಒಂದನ್ನು ಆರಿಸಿಕೊಳ್ಳಬೇಕು.

ಈ ಡೆಕ್‌ನಲ್ಲಿ ಆಗುವ ದೊಡ್ಡ ತಪ್ಪು ಬಣ್ಣದ್ದು. ಕಪ್ಪು ರೇಖೆ ಮರದಚ್ಚಿನಿಂದ ಬರುತ್ತಿತ್ತು, ಬಣ್ಣ ಕತ್ತರಿಸಿದ ಹಾಳೆಗಳ ಮೂಲಕ, ಬಣ್ಣಕ್ಕೊಂದು ಹಾಳೆಯಂತೆ. ಹಾಳೆ ಕೂದಲೆಳೆಯಷ್ಟು ಸರಿದರೆ ಕೆಂಪು ಅಂಗಿಯಿಂದ ಕೈಗೆ ಹರಿಯುತ್ತಿತ್ತು. ‘ಕೋಲು ಈ ಬಣ್ಣ, ಆದ್ದರಿಂದ ಈ ಗುಣ’ ಎಂಬ ಓದು ನೀವು ಕೊಂಡ ಮುದ್ರಣಕ್ಕೆ ಮಾತ್ರ ಸಲ್ಲುತ್ತದೆ, ಪಕ್ಕದ ಪೆಟ್ಟಿಗೆಯ ಮಾರ್ಸೇಗೆ ಸಲ್ಲದು. 1930ರ ಗ್ರಿಮೋ ಮುದ್ರಣದ ಬಣ್ಣ ಗಡುಸು, ಚಪ್ಪಟೆ. 1997ರ ಕಮುವಾನ್-ಹೊದೊರೊವ್ಸ್ಕಿ ಡೆಕ್‌ನಲ್ಲಿ ಬಣ್ಣವೂ ಹೆಚ್ಚು, ‘ಕಳೆದುಹೋಗಿದ್ದ ಸಂಕೇತಗಳನ್ನು ಮರಳಿ ತಂದಿದ್ದೇವೆ’ ಎಂಬ ಘೋಷಣೆಯೂ ಹೆಚ್ಚು. ಅದನ್ನು ಇಬ್ಬರ ವ್ಯಾಖ್ಯಾನ ಎಂದುಕೊಂಡು ಕೊಂಡರೆ ಒಳ್ಳೆಯ ಡೆಕ್, ಪುರಾವೆ ಎಂದುಕೊಂಡರೆ ಇಲ್ಲ. 2010ರ ಸಿಬಿಡಿ (ಕೊನ್ವೇರ್-ಬೆನ್ ದೋವ್) ಮಾರ್ಸೇ ಕೊನ್ವೇರನ ರೇಖೆಯನ್ನು ಶುಚಿಯಾಗಿ ಮತ್ತೆ ಎಳೆದದ್ದು. ಮಾರ್ಸೇ ಕಲಿಯಲು ಹೊರಟವರಿಗೆ ನಮ್ಮ ಆಯ್ಕೆ ಅದು. ಕಿರಿಯ ಎಲೆಗಳಲ್ಲಿ, ಅಂದರೆ ಬಟ್ಟಲು, ಕತ್ತಿ, ನಾಣ್ಯ, ಕೋಲುಗಳ ಎಣಿಕೆಯ ಎಲೆಗಳಲ್ಲಿ, ಕಥೆಯ ಚಿತ್ರವಿಲ್ಲ ಎಂಬುದು ನೆನಪಿರಲಿ. ಬಟ್ಟಲುಗಳ ಒಂಬತ್ತು ಎಂದರೆ ಒಂಬತ್ತು ಬಟ್ಟಲು, ಮುಗಿಯಿತು.

ಇನ್ನು ಎಲ್ಲರ ಕೈಯಲ್ಲಿರುವ ರೈಡರ್-ವೇಟ್-ಸ್ಮಿತ್. 1909, ಲಂಡನ್, ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದು, ಚಿತ್ರ ಪಮೇಲಾ ಕೋಲ್ಮನ್ ಸ್ಮಿತ್ ಅವರದು. ಬೂದುಬಣ್ಣದ ನಿಲುವಂಗಿ, ಕಾಲಡಿ ಹಿಮ, ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಲಾಟೀನು, ಲಾಟೀನಿನೊಳಗೆ ಎರಡು ತ್ರಿಕೋನ ಹೆಣೆದ ಆರು ಮೂಲೆಯ ನಕ್ಷತ್ರ. ಮಾರ್ಸೇ ಎಲೆಯ ಪಕ್ಕದಲ್ಲಿಟ್ಟು ನೋಡಿ: ಮೇಲಂಗಿಯ ಮರೆ ಹೋಗಿದೆ. ಇದು ಆಕಸ್ಮಿಕವಲ್ಲ. ದೀಪವನ್ನು ಅಂಗಿಯಿಂದ ಮುಚ್ಚದಿರುವುದೇ ಈ ಎಲೆಯಲ್ಲಿ ತಾವು ಮಾಡಿದ ವ್ಯತ್ಯಾಸ ಎಂದು ವೇಟ್ ಅವರೇ ಬರೆದಿದ್ದಾರೆ. ಮಾರ್ಸೇಯಲ್ಲಿ ನಡೆಯುತ್ತಿದ್ದವನು ಇಲ್ಲಿ ಶಿಖರದ ಮೇಲೆ ನಿಂತುಬಿಟ್ಟಿದ್ದಾನೆ. ಅವನಿಗೆ ದಾರಿ ಕಾಣಲು ದೀಪ ಬೇಕಿಲ್ಲ, ಕೆಳಗಿನಿಂದ ಹತ್ತಿ ಬರುವವರಿಗೆ ಬೇಕು. ಹುಡುಕುವವನು ಗುರುವಾದ. ‘ನನ್ನ ಹುಡುಕಾಟ’ ಎಂಬ ಪ್ರಶ್ನೆಗೆ ಈ ಡೆಕ್‌ನ ಹರ್ಮಿಟ್ ಬಿದ್ದಾಗ, ದಾರಿ ತೋರುವವರು ಯಾರು ಎಂದು ಕೇಳುವುದು ಚಿತ್ರಕ್ಕೆ ಹತ್ತಿರ.

ಪೆಟ್ಟಿಗೆಯೊಳಗಿನ ಚಿಕ್ಕ ಕೈಪಿಡಿಯಲ್ಲಿ ಈ ಎಲೆಗೆ ವಿವೇಕ, ಎಚ್ಚರ ಎಂದಿದ್ದು, ಒಡನೆಯೇ ದ್ರೋಹ, ಕಪಟ ಎಂದೂ ಇರುತ್ತದೆ. ಹೊಸಬರು ಅಚ್ಚಿನ ತಪ್ಪೆಂದು ತಿಳಿಯುತ್ತಾರೆ. ತಪ್ಪಲ್ಲ. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಎತೆಯಾ ಭವಿಷ್ಯ ಹೇಳುವುದಕ್ಕೆಂದೇ ಮಾಡಿದ ಡೆಕ್‌ನಲ್ಲಿ ಈ ಮುದುಕ 18ನೇ ಸಂಖ್ಯೆಗೆ ಹೋಗಿ, ಕಾವಿಯ ಮರೆಯ ಕಳ್ಳನಂತೆ ‘ದ್ರೋಹಿ’ ಎನಿಸಿಕೊಂಡಿದ್ದ. ಆ ಅರ್ಥಪಟ್ಟಿ ನೂರು ವರ್ಷ ದಾಟಿ ವೇಟ್ ಅವರ ಪಟ್ಟಿಗೂ ಇಳಿಯಿತು. ಸ್ಮಿತ್ ಬರೆದ ಚಿತ್ರದಲ್ಲಿ ಕಪಟಕ್ಕೆ ಕವಡೆಯಷ್ಟೂ ಆಧಾರವಿಲ್ಲ. ಚಿತ್ರ ಒಂದು ಹೇಳಿ ಕೈಪಿಡಿ ಇನ್ನೊಂದು ಹೇಳಿದಾಗ ಚಿತ್ರವನ್ನೇ ನಂಬಬೇಕು ಎಂಬುದು ನಮ್ಮ ಅಭಿಪ್ರಾಯ.

ನೋಟದ ದಿಕ್ಕೂ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಈ ಡೆಕ್‌ನಲ್ಲೂ ಅವನ ಮುಖ ನೋಡುಗರ ಎಡಕ್ಕೆ. ಮೂರು ಎಲೆ ಸಾಲಾಗಿ ಇಟ್ಟಾಗ ಹರ್ಮಿಟ್ ಬಲತುದಿಯಲ್ಲಿ ಬಿದ್ದರೆ ಅವನ ದೀಪ ಉಳಿದೆರಡು ಎಲೆಗಳ ಮೇಲೆ ಬೀಳುತ್ತದೆ: ಹಿಂದಿನದನ್ನು ತಿರುಗಿ ನೋಡುವ ಓದು. ಎಡತುದಿಯಲ್ಲಿ ಬಿದ್ದರೆ ಉಳಿದವಕ್ಕೆ ಬೆನ್ನು. ಎಡಕ್ಕೆ ಬಟ್ಟಲುಗಳ ಮೂರು, ಅಂದರೆ ಬಟ್ಟಲೆತ್ತಿ ಕುಣಿಯುವ ಮೂವರು ಹೆಂಗಸರು, ನಡುವೆ ಹರ್ಮಿಟ್ ಎಂದುಕೊಳ್ಳಿ. ಅವನು ಆ ಕೂಟವನ್ನು ದೂರದಿಂದ ನೋಡುತ್ತಿದ್ದಾನೆ, ಬಿಟ್ಟು ಹೋಗುತ್ತಿಲ್ಲ. ಬಟ್ಟಲುಗಳ ಮೂರು ಬಲಕ್ಕೆ ಬಿದ್ದಿದ್ದರೆ ಬಿಟ್ಟು ಬಂದವನು. ಎಲೆಗಳು ಅವೇ, ಉತ್ತರ ಬೇರೆ.

ಮುದ್ರಣಗಳ ಮಾತು. ಸಾಮಾನ್ಯ ಅಳತೆ 70 x 120 ಮಿ.ಮೀ. 2009ರ ಸ್ಮಿತ್-ವೇಟ್ ಶತಮಾನೋತ್ಸವ ಮುದ್ರಣದ ಮಾಸಲು ಬಣ್ಣ ಬೂದು-ಹಿಮದ ಈ ಎಲೆಗೆ ಒಪ್ಪುತ್ತದೆ. ಯೂನಿವರ್ಸಲ್ ವೇಟ್, ರೇಡಿಯಂಟ್ ಎರಡೂ ಬೇರೆಯವರು ಮತ್ತೆ ಬಣ್ಣ ಹಾಕಿದವು, ನೆರಳು-ಬೆಳಕು ಹೆಚ್ಚು. ನಕಲಿ ಡೆಕ್ ಪತ್ತೆಗೂ ಇದೇ ಎಲೆ ಸಾಕು: ಎಲೆಯ ಕೆಳಭಾಗದಲ್ಲಿ ಸ್ಮಿತ್ ಅವರ ಮೂರಕ್ಷರ ಹೆಣೆದ ಸಹಿ ಇದೆಯೇ, ಗೆರೆಗಳು ಬಿಡಿಬಿಡಿಯಾಗಿವೆಯೇ, ನಕ್ಷತ್ರದ ಆರು ಮೂಲೆ ಎಣಿಸಲು ಬರುತ್ತವೆಯೇ ನೋಡಿ. ಫೋಟೊದಿಂದ ಎತ್ತಿ ಮುದ್ರಿಸಿದ ನಕಲಿಯಲ್ಲಿ ಸಹಿ ಸೊಳ್ಳೆ ಜಜ್ಜಿದಂತಿರುತ್ತದೆ. ತಗಡಿನ ಡಬ್ಬಿಯ ಪುಟ್ಟ ಡೆಕ್ ಅಸಲಿಯೇ ಆಗಿದ್ದರೂ ನಕ್ಷತ್ರ ಹಳದಿ ಚುಕ್ಕೆಯಾಗಿಬಿಡುತ್ತದೆ. ಪ್ರಯಾಣಕ್ಕೆ ಸರಿ, ಕಲಿಕೆಗಲ್ಲ.

ಥಾತ್ ಡೆಕ್ ಬೇರೆಯೇ ಜಾತಿ. ಇಂಗ್ಲೆಂಡಿನ ಗುಪ್ತವಿದ್ಯೆಯ ಲೇಖಕ ಅಲಿಸ್ಟರ್ ಕ್ರೌಲಿ ಹೇಳಿದಂತೆ ಲೇಡಿ ಫ್ರೀಡಾ ಹ್ಯಾರಿಸ್ 1938ರಿಂದ 1943ರವರೆಗೆ ಚಿತ್ರಿಸಿದರು. ಡೆಕ್ ಆಗಿ ಹೊರಬಂದದ್ದು 1969ರಲ್ಲಿ, ಇಬ್ಬರೂ ತೀರಿಕೊಂಡ ಮೇಲೆ. ಇಲ್ಲಿ ಹರ್ಮಿಟ್‌ನ ಮುಖವೇ ಕಾಣುವುದಿಲ್ಲ, ಹೀಗಾಗಿ ನೋಟದ ದಿಕ್ಕಿನ ಲೆಕ್ಕ ನಡೆಯದು. ಎದ್ದು ಕಾಣುವುದು ಕೈ. ಕಾರಣ ಸರಳ: ಪ್ರತಿ ದೊಡ್ಡ ಎಲೆಗೂ ಒಂದು ಹೀಬ್ರೂ ಅಕ್ಷರ ಹಚ್ಚುವ ಕ್ರೌಲಿಯ ಪಂಥದ ಲೆಕ್ಕದಲ್ಲಿ ಈ ಎಲೆಗೆ ಸೇರಿದ ಹೀಬ್ರೂ ಅಕ್ಷರ ಯೋದ್, ಯೋದ್ ಎಂದರೆ ಕೈ. ರಾಶಿ ಕನ್ಯಾ, ಆದ್ದರಿಂದ ಹಿನ್ನೆಲೆ ತುಂಬ ಗೋಧಿಯ ತೆನೆ. ದೀಪದ ನಡುವೆ ನಕ್ಷತ್ರವಲ್ಲ, ಸೂರ್ಯ. ಹಾವು ಸುತ್ತಿದ ಮೊಟ್ಟೆ, ಕಾಲ ಬಳಿ ಪಳಗಿದ ಮೂರು ತಲೆಯ ನಾಯಿ ಸೆರ್ಬೆರಸ್, ವೀರ್ಯಾಣುವಿನ ಆಕಾರ. ಹಿಮವೆಲ್ಲ ಕರಗಿ ಹೊಲವಾಗಿದೆ. ಮೊಳೆಯುವ ಮುನ್ನ ಬೀಜ ಮಣ್ಣಿನೊಳಗೆ ಒಂಟಿಯಾಗಿರುವಂಥ ಏಕಾಂತ ಇದು, ವೈರಾಗ್ಯದ್ದಲ್ಲ. ರೈಡರ್-ವೇಟ್ ಓದಿನಿಂದ ‘ಜನರಿಂದ ದೂರವಿರಿ’ ಎಂದು ಇಲ್ಲಿ ಹೇಳಿದರೆ ಎಲೆಯ ಅರ್ಧ ಚಿತ್ರ ಕೈಬಿಟ್ಟಂತೆ.

ಅಕ್ಷರದ ವಿಷಯದಲ್ಲಿ ಜೋಪಾನ. 19ನೇ ಶತಮಾನದ ಗುಪ್ತವಿದ್ಯೆಯ ಲೇಖಕ ಎಲಿಫಾಸ್ ಲೆವಿಯ ಫ್ರೆಂಚ್ ಪರಂಪರೆಯಲ್ಲಿ ಇದೇ ಎಲೆಗೆ ತೇತ್ ಎಂಬ ಅಕ್ಷರ. 1889ರ ಓಸ್ವಾಲ್ಡ್ ವಿರ್ತ್ ಡೆಕ್ ಆ ಲೆಕ್ಕದ್ದು. ಎರಡು ಪರಂಪರೆಯ ಕೋಷ್ಟಕ ಬೆರೆಸಿದರೆ ಪೂರ್ತಿ ಡೆಕ್ ಅಡ್ಡಾದಿಡ್ಡಿಯಾಗುತ್ತದೆ. ಹರ್ಮಿಟ್‌ನ ಹಿಂದಿನ ಎಲೆಯೂ ಎಲ್ಲೆಡೆ ಒಂದೇ ಅಲ್ಲ. ಮಾರ್ಸೇಯಲ್ಲಿ ಎಂಟನೆಯದು ನ್ಯಾಯ, ರೈಡರ್-ವೇಟ್‌ನಲ್ಲಿ ಸಿಂಹವನ್ನು ಪಳಗಿಸುವ ಹೆಣ್ಣಿನ ಚಿತ್ರವಿರುವ ಶಕ್ತಿ. ಥಾತ್‌ನಲ್ಲಿ ಮತ್ತೆ ನ್ಯಾಯವೇ, ‘ಹೊಂದಾಣಿಕೆ’ ಎಂಬ ಹೊಸ ಹೆಸರಿನಲ್ಲಿ. ನ್ಯಾಯದ ನಂತರ ಬರುವ ಮುದುಕನೂ ಸಿಂಹ ಪಳಗಿಸಿದ ನಂತರ ಬರುವ ಮುದುಕನೂ ಒಬ್ಬನೇ ಅಲ್ಲ.

ಥಾತ್‌ನ ದೊಡ್ಡ ಅಳತೆ ಸುಮಾರು 95 x 140 ಮಿ.ಮೀ. ಸಣ್ಣ ಕೈಗಳಿಗೆ ಕಷ್ಟ, ಆದರೆ ಚಿಕ್ಕ ಮುದ್ರಣದಲ್ಲಿ ಹಾವಿನ ಮೊಟ್ಟೆ ಗೋಲಿಯಷ್ಟಾಗುತ್ತದೆ. ಹಿಂಬದಿಯ, ನಡುವೆ ಗುಲಾಬಿ ಹೂವಿರುವ ಶಿಲುಬೆಯ ಒಂದು ತೋಳು ಉದ್ದ, ಆದ್ದರಿಂದ ಎಲೆ ತಲೆಕೆಳಗಾಗಿದ್ದರೆ ತಿರುಗಿಸುವ ಮೊದಲೇ ಗೊತ್ತಾಗಿಬಿಡುತ್ತದೆ. ತಲೆಕೆಳಗಿನ ಎಲೆ ಓದುವವರಿಗೆ ಇದು ದೊಡ್ಡ ಕಿರಿಕಿರಿ. ಕೆಲವು ಮುದ್ರಣಗಳಲ್ಲಿ ಜಾದೂಗಾರನ ಎಲೆ ಮೂರು ಬಗೆಯಲ್ಲಿರುತ್ತವೆ, ಒಟ್ಟು 80. ಒಂದನ್ನು ಇಟ್ಟುಕೊಂಡು ಎರಡನ್ನು ತೆಗೆದಿಡಿ.

ಇತ್ತೀಚಿನವುಗಳಲ್ಲಿ ಕಿಮ್ ಕ್ರಾನ್ಸ್ ಅವರ ವೈಲ್ಡ್ ಅನ್‌ನೋನ್ ಮುದುಕನನ್ನೇ ತೆಗೆದು ಆಮೆಯನ್ನು ಕೂರಿಸಿದೆ. ಮನೆಯನ್ನು ಬೆನ್ನ ಮೇಲೇ ಹೊತ್ತ ಪ್ರಾಣಿ, ಜಾಣ ಆಯ್ಕೆ. ಕೋಲು ಇಲ್ಲ, ಗುರು ಇಲ್ಲ, ಕಾಲದ ಭಯವೂ ಇಲ್ಲ. ಒಂದೇ ಅರ್ಥ ಗಟ್ಟಿಯಾಗಿ ಸಿಗುತ್ತದೆ, ಬೇರೆ ಓದಿಗೆ ಜಾಗ ಕಡಿಮೆ.

ಅಂಗಡಿಯಲ್ಲೋ ಪರದೆಯ ಮೇಲೋ ಡೆಕ್ ಆರಿಸುವಾಗ ಈ ಎಲೆಯೊಂದನ್ನೇ ಐದು ನಿಮಿಷ ನೋಡಿ. ಕೈಯಲ್ಲಿರುವ ವಸ್ತು ಯಾವುದು, ಅದು ತೆರೆದಿದೆಯೋ ಮುಚ್ಚಿದೆಯೋ, ಕಾಲಡಿ ಏನಿದೆ, ಮುಖ ಎತ್ತ ಕಡೆ, ಎಂಟನೆಯ ಎಲೆ ಯಾವುದು. ಕೈಯಲ್ಲಿರುವ ದೀಪವನ್ನೋ ಮರಳುಗಡಿಯಾರವನ್ನೋ ಹೆಬ್ಬೆರಳಿನಿಂದ ಮುಚ್ಚಿ ನೋಡಿ: ರೈಡರ್-ವೇಟ್‌ನಲ್ಲಿ ಉಳಿಯುವುದು ಬಾಗಿ ನಿಂತ ದುಃಖಿ, ಮಾರ್ಸೇಯಲ್ಲಿ ದಾರಿಹೋಕ, ವಿಸ್ಕೊಂಟಿಯಲ್ಲಿ ಶ್ರೀಮಂತ ವೃದ್ಧ, ಥಾತ್‌ನಲ್ಲಿ ಇನ್ನೂ ತುಂಬಿಕೊಂಡಿರುವ ಹೊಲ. ಮೊದಲ ಡೆಕ್ ಆದರೆ ಶತಮಾನೋತ್ಸವ ಮುದ್ರಣ, ಎರಡನೆಯದು ಸಿಬಿಡಿ ಮಾರ್ಸೇ. ಥಾತ್ ಬೇಕೆಂದರೆ ದೊಡ್ಡ ಅಳತೆಯದನ್ನೇ, ಜ್ಯೋತಿಷ ಮತ್ತು ಹೀಬ್ರೂ ಕೋಷ್ಟಕ ಒಮ್ಮೆ ಕುಳಿತು ಕಲಿಯುವ ತಾಳ್ಮೆ ಇದ್ದರೆ ಮಾತ್ರ. ವಿಸ್ಕೊಂಟಿಯನ್ನು ಕೊನೆಗೆ ಕೊಳ್ಳಿ, ಕೊಂಡ ದಿನವೇ ಹೊಸದಾಗಿ ಬರೆದ ಆ ನಾಲ್ಕು ಎಲೆಗಳನ್ನು ಗುರುತಿಸಿಟ್ಟುಕೊಳ್ಳಿ.