ಹಸಿ ಕಸಕ್ಕೆ ಮೆಷಿನ್ನೋ, ಬೊಕಾಶಿ ಬಕೆಟ್ಟೋ, ಮಣ್ಣಿನ ಮಡಕೆಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಣ್ಣಿನ ಮಡಕೆಗೆ. ಮೈಸೂರಿನ ಕುವೆಂಪುನಗರದಲ್ಲಿ 12 ಮನೆಗಳ ಸಣ್ಣ ಅಪಾರ್ಟ್‌ಮೆಂಟ್ ನಮ್ಮದು. ಹಸಿ ಕಸ ಗೇಟು ದಾಟಬಾರದು ಅಂತ ಎಲ್ಲರೂ ಕೂತು ತೀರ್ಮಾನ ಮಾಡಿದೆವು. ಆಮೇಲೆ ಅದನ್ನು ಗೊಬ್ಬರ ಮಾಡಲು ಕರೆಂಟಿನ ಮೆಷಿನ್, ಕಸವನ್ನು ಮುಚ್ಚಿಟ್ಟು ಹುದುಗಿಸುವ ಬೊಕಾಶಿ ಬಕೆಟ್, ಮೂರಂತಸ್ತಿನ ಮಡಕೆ, ಮೂರನ್ನೂ ಬಳಸಿ ನೋಡಿದೆವು.

ಒಣ ಕಸದ್ದು ಅಷ್ಟು ತಲೆನೋವಿಲ್ಲ. ಹಾಲಿನ ಕವರ್ ತೊಳೆದು ಒಣಗಿಸಿ ಬೇರೆ ಕೊಟ್ಟರೆ ಕುಂಬಾರಕೊಪ್ಪಲಿನಂಥ ಶೂನ್ಯ ತ್ಯಾಜ್ಯ ಘಟಕಗಳಲ್ಲಿ ಅದನ್ನು ವಿಂಗಡಿಸಿ ಮಾರುತ್ತಾರೆ. ಕೆಡಿಸುವುದು ಹಸಿ ಕಸ. ಸಾರು, ಅನ್ನ ಮೆತ್ತಿಕೊಂಡ ಕಾಗದ, ಪ್ಲಾಸ್ಟಿಕ್ ಯಾರಿಗೂ ಬೇಡ. 2015 ಮತ್ತು 2016ರಲ್ಲಿ ಕೇಂದ್ರ ಸರ್ಕಾರದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ದೇಶಕ್ಕೇ ಮೊದಲು ಬಂದ ಊರು ನಮ್ಮದು. ಅದೇ ಊರಿನ ವಿದ್ಯಾರಣ್ಯಪುರಂ ಸೂಯೇಜ್ ಫಾರಂನಲ್ಲಿ ವರ್ಷಗಟ್ಟಲೆ ಸುರಿದ ಕಸ ಗುಡ್ಡವಾಯಿತು. ವಾಸನೆ ಕುಡಿದವರು ಸುತ್ತಲಿನ ಬಡಾವಣೆಯವರು. ನಮ್ಮ ಅಡುಗೆಮನೆಯ ಸಿಪ್ಪೆ ಅವರ ಮನೆ ಮುಂದೆ ಕೊಳೆಯುವುದು ನ್ಯಾಯವಲ್ಲ.

ಈಗ ಮೆಷಿನ್ ವಿಷಯ. ಮನೆಗಿಷ್ಟು ಅಂತ ಹಾಕಿ ಲಕ್ಷದ ಮೇಲೆ ಕೊಟ್ಟು ಕೊಂಡದ್ದು. ಮಾರಲು ಬಂದವರು "24 ಗಂಟೆಯಲ್ಲಿ ಗೊಬ್ಬರ ರೆಡಿ ಮೇಡಂ" ಅಂದಿದ್ದರು. ಕಸವೇನೋ ಮಾರನೇ ದಿನಕ್ಕೆ ಕಂದು ಪುಡಿಯಾಗಿ ಬರುತ್ತಿತ್ತು. ತುಂಬಿದ ಬಕೆಟ್ಟು ಕಸ ತಳದಲ್ಲಿ ಒಂದಿಷ್ಟು ಪುಡಿಯಾಗಿ ಉಳಿಯುವುದನ್ನು ನೋಡಿ ಎಲ್ಲರಿಗೂ ಖುಷಿ.

ಎರಡನೇ ಮಹಡಿಯ ಅಜ್ಜಿ ಅದರಿಂದ ಎರಡು ಬೊಗಸೆ ತೆಗೆದುಕೊಂಡು ಹೋಗಿ ದಾಸವಾಳದ ಕುಂಡಕ್ಕೆ ಹಾಕಿ ನೀರು ಹಾಕಿದರು. ಕೆಲವೇ ದಿನಕ್ಕೆ ಮೇಲೆಲ್ಲ ಬಿಳಿ ಬೂಸ್ಟು. ಬೆರಳಿಟ್ಟರೆ ಮಣ್ಣು ಬೆಚ್ಚಗಿತ್ತು. ಹಳಸಿದ ಅನ್ನದ ವಾಸನೆ, ಸಣ್ಣ ನೊಣ, ಕೆಳಗಿನ ಎಲೆಗಳೆಲ್ಲ ಹಳದಿ. ಪಾರ್ಕಿಂಗಿನಲ್ಲಿ ಅದೇ ಪುಡಿ ತುಂಬಿಟ್ಟಿದ್ದ ಚೀಲವನ್ನು ಹೆಗ್ಗಣ ಕಚ್ಚಿ ಹರಿದಿತ್ತು. ಗೊಬ್ಬರವಾಗಿದ್ದರೆ ಹೆಗ್ಗಣ ಯಾಕೆ ಬರುತ್ತದೆ ಹೇಳಿ? ಅದಕ್ಕೆ ಬೇಕಾದದ್ದು ಊಟ, ಆ ಪುಡಿ ಇನ್ನೂ ಊಟವೇ ಆಗಿತ್ತು.

ಅಲ್ಲಿ ಆಗುವುದು ಇಷ್ಟೇ. ಮೆಷಿನ್ ಕಸವನ್ನು ಕಾಯಿಸಿ, ಕತ್ತರಿಸಿ, ನೀರು ತೆಗೆಯುತ್ತದೆ. ಗೊಬ್ಬರ ಮಾಡುವ ಕೆಲಸ ಸೂಕ್ಷ್ಮಜೀವಿಗಳದ್ದು. ಅವಕ್ಕೆ ತೇವ ಬೇಕು, ಗಾಳಿ ಬೇಕು, ವಾರಗಟ್ಟಲೆ ಟೈಮ್ ಬೇಕು. ಒಣಗಿದ ಪುಡಿಗೆ ನೀರು ಬಿದ್ದ ಕೂಡಲೇ ನಿಂತಿದ್ದ ಕೊಳೆಯುವಿಕೆ ಕುಂಡದಲ್ಲೇ, ಬೇರಿನ ಪಕ್ಕದಲ್ಲೇ ಶುರುವಾಗುತ್ತದೆ. ಗಿಡ ಬಾಡದೆ ಇನ್ನೇನಾಗುತ್ತದೆ? ಕಂಪನಿಗೆ ಫೋನ್ ಮಾಡಿದರೆ, ಮಣ್ಣಿನ ಜೊತೆ ಬೆರೆಸಿ ಒಂದೂವರೆ ತಿಂಗಳು ಇಡಿ ಅಂದರು. ಈ ಮಾತನ್ನು ಮಾರುವಾಗಲೇ ಹೇಳಬೇಕಿತ್ತು. ಒಂದೂವರೆ ತಿಂಗಳು ಇಡುವುದಾದರೆ ಲಕ್ಷದ ಮೆಷಿನ್ ಯಾಕೆ, ಅಲ್ವಾ?

ಹೂವಿನ ದಾರವೂ ಅದಕ್ಕೆ ಆಗುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ ಬ್ಲೇಡಿಗೆ ಸುತ್ತಿಕೊಂಡು ನಿಂತೇಹೋಯಿತು. ಕರೆಂಟ್ ಬಿಲ್ಲು ಬೇರೆ.

ಬೊಕಾಶಿ ಬಕೆಟ್ ಬಗ್ಗೆ ನನಗೆ ದೂರಿಲ್ಲ. ಗಾಳಿಯಾಡದ ಮುಚ್ಚಳ, ಕೆಳಗೊಂದು ನಲ್ಲಿ. ಕಸದ ಮೇಲೆ ಅದಕ್ಕೆಂದೇ ಬರುವ, ಸೂಕ್ಷ್ಮಜೀವಿ ಬೆರೆಸಿದ ತೌಡು ಉದುರಿಸಿ, ಒತ್ತಿ ಮುಚ್ಚಬೇಕು. ಚೆನ್ನಾಗಿ ಹುದುಗಿದರೆ ದೋಸೆ ಹಿಟ್ಟಿನ ಹುಳಿ ವಾಸನೆ, ಅಷ್ಟೇ. ಬಾಡೂಟ ಮಾಡುವ ಮನೆಗೆ ಇದು ಒಳ್ಳೆಯದು, ಮೀನಿನ ಮುಳ್ಳು, ಉಳಿದ ಸಾರಿನ ಹೋಳು ಎಲ್ಲ ಹಾಕಬಹುದು. ಆದರೆ ಎರಡು ವಾರ ಬಿಟ್ಟು ತೆಗೆದಾಗಲೂ ಸಿಪ್ಪೆ ಸಿಪ್ಪೆಯಾಗೇ ಇರುತ್ತದೆ. ಅದನ್ನು ಮಣ್ಣಲ್ಲಿ ಹೂಳಲೇಬೇಕು. ಹಿತ್ತಲಿದ್ದವರಿಗೆ ಸರಿ. ನಮ್ಮಲ್ಲಿ ಸುತ್ತ ಸಿಮೆಂಟು.

ಮಡಕೆಗೆ ಬರೋಣ. ಮೇಲೆರಡರಲ್ಲಿ ಕಸ, ಕೆಳಗಿನದರಲ್ಲಿ ಮಾಗುವ ಗೊಬ್ಬರ. ಪಕ್ಕದಲ್ಲಿ ತೂತುಗಳು, ಜೊತೆಗೆ ಮಡಕೆಯ ಮಣ್ಣೇ ಹೆಚ್ಚಿನ ನೀರು ಹೀರಿಕೊಳ್ಳುತ್ತದೆ. ಒಂದು ಡಬ್ಬಿ ಹಸಿ ಕಸಕ್ಕೆ ಒಂದೂವರೆ ಡಬ್ಬಿ ತರಗೆಲೆ, ಆಗಾಗ ಒಂದು ಲೋಟ ಹುಳಿ ಮಜ್ಜಿಗೆ, ವಾರಕ್ಕೊಮ್ಮೆ ಕೋಲಿನಿಂದ ಕೆದಕುವುದು. ಇಷ್ಟೇ ಕೆಲಸ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ನೀರು ಸುರಿಯಬಾರದು. ದಪ್ಪ ಬೂದು ಹುಳ ಕಂಡರೆ ಹೆದರಬೇಡಿ. ಅವು ಕಸ ತಿಂದು ನಮ್ಮ ಕೆಲಸವನ್ನೇ ಮಾಡುತ್ತಿರುತ್ತವೆ. ಜಾಸ್ತಿ ಆದವೆಂದರೆ ತೇವ ಜಾಸ್ತಿಯಾಗಿದೆ ಅಂತ ಅರ್ಥ, ಇನ್ನಷ್ಟು ಎಲೆ ಹಾಕಿ. ಎರಡು ಮೂರು ತಿಂಗಳಿಗೆ ಕಪ್ಪಗೆ, ಉದುರುದುರಾಗಿ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಅಜ್ಜಿಯ ದಾಸವಾಳ ಚಿಗುರಿದ್ದು ಇದರಲ್ಲೇ.

ನಿಜವಾದ ಕೊರತೆ ಎಂದರೆ ಮಳೆಗಾಲದಲ್ಲಿ ಒಣ ಎಲೆ ಸಿಗದಿರುವುದು. ಅದಕ್ಕೆ ಬೇಸಿಗೆಗೆ ಮುಂಚೆ ಹೊಂಗೆ ಮರ ಎಲೆ ಉದುರಿಸುವಾಗಲೇ ಗೋಣಿಚೀಲಕ್ಕೆ ತುಂಬಿಟ್ಟುಕೊಳ್ಳಬೇಕು. ರಸ್ತೆ ಗುಡಿಸುವ ಪೌರಕಾರ್ಮಿಕ ಹೆಂಗಸಿಗೆ ಒಮ್ಮೆ ಹೇಳಿದ್ದಕ್ಕೆ, "ಅಕ್ಕ, ಎಲೆಗೆ ಚೀಲ ಕೊಡಿ, ನಾನೇ ತುಂಬಿಕೊಡ್ತೀನಿ" ಅಂದರು. ಮೂಲೆಯಲ್ಲಿ ಯಾರೋ ಬೆಂಕಿ ಹಚ್ಚುತ್ತಿದ್ದ ಎಲೆ ಈಗ ನಮ್ಮ ಮಡಕೆಗೆ ಬರುತ್ತಿದೆ. ಕಸ ಸುಡುವುದು ನಿಯಮಕ್ಕೂ ವಿರುದ್ಧ, ಪಕ್ಕದ ಮನೆಯ ಅಸ್ತಮಾ ಇರುವ ಮಗುವಿಗೂ ಕಷ್ಟ. ನನಗೆ ಮಡಕೆ ಇಷ್ಟವಾಗಲು ಇದೇ ದೊಡ್ಡ ಕಾರಣ. ಮೆಷಿನ್ ಒಂದು ಕಸ ತಿನ್ನುತ್ತದೆ, ಮಡಕೆ ಎರಡು. ಎಲೆ ಸಿಗದಿದ್ದರೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ನಡೆಯುತ್ತದೆ, ಆದರೆ ಅದಕ್ಕೆ ದುಡ್ಡು. ಮಂಡ್ಯ ಕಡೆಯವರಿಗೆ ಗದ್ದೆಯಲ್ಲೇ ಒಣಗಿದ ಕಬ್ಬಿನ ಎಲೆ ಇದೆ, ಕತ್ತರಿಸಿ ಹಾಕಿದರೆ ಸಾಕು.

ಮಡಕೆ ಭಾರ. ಒಂದು ಒಡೆಯಿತು, ಬೇರೆ ತಂದೆವು. ಮೆಷಿನ್ ರಿಪೇರಿಗೆ ಕೇಳಿದ ದುಡ್ಡಿನ ಮುಂದೆ ಅದು ಏನೇನೂ ಅಲ್ಲ.

ಎರಡು ಹೊತ್ತೂ ಅಡುಗೆ ಮಾಡುವ, ಯಾರಾದರೊಬ್ಬರು ಮನೆಯಲ್ಲಿರುವ, ದುಡ್ಡು ನೋಡಿ ಖರ್ಚು ಮಾಡುವ ಮನೆಗಳಿಗೆ ಮಡಕೆಯೇ ಸರಿ. ಮಾಂಸದೂಟ ಜಾಸ್ತಿ, ಹಿತ್ತಲೂ ಇದೆ ಅನ್ನುವವರು ಬೊಕಾಶಿ ತೊಗೊಳ್ಳಿ. ಮೆಷಿನ್ ಕೊಳ್ಳುವ ಮುಂಚೆ ಅದರ ಪುಡಿಯನ್ನು ಒಂದು ಕುಂಡಕ್ಕೆ ಹಾಕಿ, ನೀರು ಹಾಕಿ, ಹತ್ತು ದಿನ ಕಾದು ನೋಡಿ. ನಮ್ಮದನ್ನು ಈಗ ಹಬ್ಬದ ದಿನ, ಕಸ ತುಂಬಿ ತುಳುಕುವಾಗ ಮಾತ್ರ ಹಾಕುತ್ತೇವೆ. ಆ ಪುಡಿಯೂ ಮಡಕೆಗೇ ಹೋಗುತ್ತದೆ. ಉಳಿದ ದುಡ್ಡಿಗೆ ಇನ್ನೆರಡು ಸೆಟ್ ಮಡಕೆಗೆ ಹೇಳಿದ್ದೇವೆ.