ಮನೆಯಲ್ಲೇ ಜೋಡಿಸಿದ ಆಂಪ್ಲಿಫೈಯರ್‌ಗೆ 18-0-18 ಟ್ರಾನ್ಸ್‌ಫಾರ್ಮರ್: ಮೂರು ಮಳೆಗಾಲ ಕಳೆದ ಮೇಲೆ

ತೀರ್ಥಹಳ್ಳಿ ಸೀಮೆಯ ನಮ್ಮ ತೋಟದ ಮನೆಯಲ್ಲಿ ಯಕ್ಷಗಾನದ ಧ್ವನಿಮುದ್ರಣಗಳನ್ನು ಕೇಳುವುದಕ್ಕೆಂದು, ಟಿಡಿಎ 7294 ಎಂಬ, ಸದ್ದು ವರ್ಧಿಸುವ ಐಸಿ (ಚಿಪ್) ಎರಡಿರುವ ಸ್ಟೀರಿಯೊ ಆಂಪ್ಲಿಫೈಯರ್ ಕಿಟ್ಟೊಂದನ್ನು ನಾನೇ ಜೋಡಿಸಿಕೊಂಡಿದ್ದೇನೆ. ಆಂಪ್ಲಿಫೈಯರ್ ಬೋರ್ಡು ಮೊದಲ ದಿನದಿಂದ ಇಂದಿನವರೆಗೂ ಅದೇ ಇದೆ. ಅದಕ್ಕೆ ವಿದ್ಯುತ್ ಒದಗಿಸುವ ಭಾಗ ಮಾತ್ರ ಎರಡು ಸಲ ಬದಲಾಯಿತು. ಈಗ ಮೂರು ಮಳೆಗಾಲಗಳಿಂದ ನೆಲೆನಿಂತಿರುವುದು 18-0-18 ವೋಲ್ಟ್ (ನಡುವಣ ತಂತಿಯಿಂದ ಎರಡೂ ಬದಿಗೆ 18 ವೋಲ್ಟ್ ಎಸಿ), 5 ಆಂಪಿಯರ್‌ನ ತಾಮ್ರದ ಸುರುಳಿಯ ಟ್ರಾನ್ಸ್‌ಫಾರ್ಮರ್. ಅದರ ಗುಣದೋಷ ಹೇಳಬೇಕಾದರೆ ಮೊದಲೆರಡು ಏಕೆ ಕೈಕೊಟ್ಟವು ಎಂಬುದರಿಂದಲೇ ಆರಂಭಿಸಬೇಕಾಗುತ್ತದೆ.

ಕಿಟ್ಟಿನ ಜೊತೆಗಿದ್ದ ಚೀಟಿಯಲ್ಲಿ 24-0-24 ಎಂದು ಬರೆದಿತ್ತು, ನಾನೂ ಅದನ್ನೇ ತಂದೆ. ಲೆಕ್ಕ ಹಾಕಿದ್ದರೆ ಆಗಲೇ ತಿಳಿಯುತ್ತಿತ್ತು: ಎಸಿ ಅಲೆಯ ಶಿಖರ ಅದರ ಹೆಸರಿನ ವೋಲ್ಟೇಜಿನ 1.414 ಪಟ್ಟು, ಡಿಸಿ ಆ ಶಿಖರದವರೆಗೆ ಏರುತ್ತದೆ; 24ನ್ನು 1.414ರಿಂದ ಗುಣಿಸಿದರೆ ಸುಮಾರು 34. ಎಸಿಯನ್ನು ಡಿಸಿ ಮಾಡುವ ಡಯೋಡಿನಲ್ಲಿ ಒಂದು ವೋಲ್ಟ್ ಕಳೆದರೂ ಒಂದೊಂದು ಬದಿಗೆ 33 ವೋಲ್ಟ್ ಡಿಸಿ ಉಳಿಯುತ್ತದೆ. ಇದು ಗೋಡೆಯ ಪ್ಲಗ್ಗಿನಲ್ಲಿ ಸರಿಯಾಗಿ 230 ವೋಲ್ಟ್ ಇರುವಾಗಿನ ಮಾತು. ನಮ್ಮಲ್ಲಿ ಬೇಸಿಗೆಯ ಸಂಜೆ ಸುತ್ತಲಿನ ತೋಟಗಳ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವಾಗ ಮಲ್ಟಿಮೀಟರ್ 190 ತೋರಿಸಿದ್ದುಂಟು, ನಡುರಾತ್ರಿ ಅದೇ ಪ್ಲಗ್ಗಿನಲ್ಲಿ 250 ಸಹ ಕಂಡಿದ್ದುಂಟು. ಭಾರವಿಲ್ಲದಾಗ ಟ್ರಾನ್ಸ್‌ಫಾರ್ಮರ್ ತನ್ನ ಮೇಲೆ ಬರೆದದ್ದಕ್ಕಿಂತ ತುಸು ಹೆಚ್ಚೇ ಕೊಡುತ್ತದೆ ಎಂಬುದನ್ನೂ ಸೇರಿಸಿಕೊಂಡರೆ, ಒಂದು ರಾತ್ರಿ ನಾನು ಅಳೆದ 39 ವೋಲ್ಟ್ ಅಚ್ಚರಿಯದೇನಲ್ಲ. ಐಸಿಯ ಕಾರ್ಯಮಿತಿ ಪ್ಲಸ್-ಮೈನಸ್ 40 ವೋಲ್ಟ್; ಅದು ಹೇಗೋ ಉಳಿದುಕೊಂಡಿತು. ಉಳಿಯದಿದ್ದವು ಕಿಟ್ಟಿನೊಂದಿಗೇ ಬಂದಿದ್ದ 35 ವೋಲ್ಟಿನವರೆಗಷ್ಟೇ ತಾಳುವ, ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್‌ಗಳು. ಒಂದರ ನೆತ್ತಿ ಹಪ್ಪಳದಂತೆ ಉಬ್ಬಿ, ಅಡ್ಡಗೀಟಿನ ಗುರುತಿನಲ್ಲಿ ಸೀಳಿ, ಮೀನಿನ ವಾಸನೆಯ ದ್ರವ ಬೋರ್ಡಿನ ಮೇಲೆ ಹರಿದಿತ್ತು. 24 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿರೆಂದು ಹೇಳಿ 35 ವೋಲ್ಟಿನ ಕೆಪಾಸಿಟರ್ ಕೊಡುವ ಕಿಟ್ಟಿನವರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಅದಾದ ಮೇಲೆ ಎಲ್‌ಇಡಿ ಪಟ್ಟಿಗಳಿಗೆ ಮಾರುವ 24 ವೋಲ್ಟ್, 5 ಆಂಪಿಯರ್‌ನ ಎಸ್‌ಎಂಪಿಎಸ್ (ಭಾರದ ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ ಡಿಸಿ ಕೊಡುವ ಸ್ವಿಚಿಂಗ್ ಪವರ್ ಸಪ್ಲೈ) ಎರಡನ್ನು ಸರಣಿಯಲ್ಲಿ ಜೋಡಿಸಿ, ನಡುವಣ ಬಿಂದುವನ್ನು ಗ್ರೌಂಡ್ ಮಾಡಿಕೊಂಡೆ. ನ್ಯಾಯವಾಗಿ ಹೇಳಬೇಕೆಂದರೆ ಸಂಜೆಯ ಲೋ ವೋಲ್ಟೇಜನ್ನು ಇವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪ್ಲಗ್ಗಿನಲ್ಲಿ 190 ಇದ್ದರೂ ಹೊರಗೆ 24 ಬರುತ್ತಿತ್ತು, ಗುಂಯ್ ಎನ್ನುವ ಸದ್ದೂ ಇರಲಿಲ್ಲ. ತೊಡಕಿದ್ದದ್ದು ಚೆಂಡೆಯಲ್ಲಿ. ನನ್ನವು 4 ಓಮಿನ ಸ್ಪೀಕರ್‌ಗಳು; ಭಾಗವತಿಕೆ ನಡೆದಷ್ಟು ಹೊತ್ತೂ ಕರೆಂಟು ಒಂದು ಆಂಪಿಯರ್ ಸಹ ದಾಟದಿದ್ದರೂ, ಚೆಂಡೆಯ ಒಂದು ಗಟ್ಟಿ ಪೆಟ್ಟಿಗೆ ಪ್ರತಿ ಚಾನೆಲ್ಲೂ ಕ್ಷಣಮಾತ್ರ 5 ಆಂಪಿಯರ್‌ವರೆಗೆ ಎಳೆಯಬಲ್ಲದು. ಟ್ರಾನ್ಸ್‌ಫಾರ್ಮರ್ ಆದರೆ ತುಸು ಬಾಗಿ ಕೊಟ್ಟುಬಿಡುತ್ತದೆ. ಈ ಎಸ್‌ಎಂಪಿಎಸ್‌ಗಳು ಅದನ್ನು ಓವರ್‌ಲೋಡ್ ಎಂದು ಬಗೆದು ತಮ್ಮನ್ನು ತಾವೇ ಆರಿಸಿಕೊಂಡು ಮತ್ತೆ ಹೊತ್ತಿಕೊಳ್ಳುತ್ತಿದ್ದವು. ರಾಕ್ಷಸವೇಷದ ಪ್ರವೇಶಕ್ಕೆ ಸರಿಯಾಗಿ ಆಂಪ್ಲಿಫೈಯರ್ ಬಿಕ್ಕಳಿಸುವುದನ್ನು ಕೇಳಿ ಮನೆಯವರೆಲ್ಲ ನಕ್ಕರು. ಪಕ್ಕದಲ್ಲಿಟ್ಟ ರೇಡಿಯೋದಲ್ಲಿ ಮೀಡಿಯಂ ವೇವ್ ಕೇಳುವಂತೆಯೇ ಇರಲಿಲ್ಲ, ಬರೀ ಗೊರಗೊರ. ಕೊನೆಗೆ ಏಪ್ರಿಲ್ಲಿನ ಒಂದು ಗುಡುಗು ಮಳೆಯಲ್ಲಿ ಎರಡರಲ್ಲೊಂದು ಸುಟ್ಟುಹೋಯಿತು. ಪ್ಲಗ್ ತೆಗೆದಿಡದೆ ಮಲಗಿದ ತಪ್ಪು ನನ್ನದೇ.

ಈಗಿನ ಟ್ರಾನ್ಸ್‌ಫಾರ್ಮರನ್ನು ಶಿವಮೊಗ್ಗದಲ್ಲಿ ಸುರುಳಿ ಸುತ್ತಿಕೊಡುವವರೊಬ್ಬರಿಂದ ಹೇಳಿ ಮಾಡಿಸಿಕೊಂಡೆ. 5 ಆಂಪಿಯರ್ ಎಂಬ ಚೀಟಿಯನ್ನು ಯಾವ ಟ್ರಾನ್ಸ್‌ಫಾರ್ಮರ್ ಮೇಲೆ ಬೇಕಾದರೂ ಅಂಟಿಸಬಹುದು, ಆದರೆ ತೂಕವನ್ನು ಅಂಟಿಸಲಾಗದು. 36 ವೋಲ್ಟ್, 5 ಆಂಪಿಯರ್ ಎಂದರೆ 180 ವಿಎ (ವೋಲ್ಟ್-ಆಂಪಿಯರ್). ಅಷ್ಟಕ್ಕೆ ತಕ್ಕ ಕಬ್ಬಿಣದ ಪಟ್ಟಿ, ತಾಮ್ರ ಎರಡೂ ಇದ್ದರೆ ಎರಡು ಕಿಲೋ ಮೀರಲೇಬೇಕು. ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟಾಗ ಇದು ಎರಡೂವರೆ ಕಿಲೋ ತೂಗಿತು. ಅಲ್ಯೂಮಿನಿಯಂ ತಂತಿಯದ್ದು ಅಗ್ಗಕ್ಕೆ ಸಿಗುತ್ತದೆ. ಅದೇ ದಪ್ಪದ ತಾಮ್ರಕ್ಕಿಂತ ಅದರ ರೋಧ ಒಂದೂವರೆ ಪಟ್ಟಿಗೂ ಹೆಚ್ಚಿರುವುದರಿಂದ ಬಿಸಿಯೂ ಹೆಚ್ಚು, ಭಾರ ಬಿದ್ದಾಗ ವೋಲ್ಟೇಜ್ ಕುಸಿಯುವುದೂ ಹೆಚ್ಚು.

ಇದರಿಂದ ಸಿಗುವ ಡಿಸಿ ಸಾಮಾನ್ಯವಾಗಿ 25 ವೋಲ್ಟ್‌ನ ಆಸುಪಾಸು. ನಡುರಾತ್ರಿ 29, ಸಂಜೆ 20. ಇದೇ ಐಸಿಯ ತಯಾರಕರ ವಿವರಪಟ್ಟಿಯಲ್ಲಿ 8 ಓಮಿಗೆ ಪ್ಲಸ್-ಮೈನಸ್ 35 ವೋಲ್ಟ್, 4 ಓಮಿಗೆ 27 ವೋಲ್ಟ್ ಕೊಟ್ಟು ಅಳೆದಿದ್ದಾರೆ. ಹಾಗಾಗಿ 4 ಓಮಿನ ಸ್ಪೀಕರ್ ಇರುವವರು 24-0-24ಕ್ಕೆ ಆಸೆಪಡುವ ಅಗತ್ಯವೇ ಇಲ್ಲ. ಹಳೆಯದರಲ್ಲಿ ಐಸಿಯ ಬಿಸಿ ಹೀರುವ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾಯುತ್ತಿತ್ತು, ಈಗ ಅಂಗೈ ಇಟ್ಟುಕೊಂಡಿರಬಹುದು. ಸದ್ದು ಕಡಿಮೆಯಾಯಿತೇ ಎಂದರೆ ಜಗುಲಿಯಲ್ಲಿ ಕುಳಿತು ಕೇಳುವವರಿಗೆ ತಿಳಿಯುವಷ್ಟಿಲ್ಲ. ಕೆಪಾಸಿಟರ್ ಬದಿಗೊಂದರಂತೆ 10,000 ಮೈಕ್ರೋಫ್ಯಾರಡ್, 50 ವೋಲ್ಟಿನವು. ಮೊದಲು 4,700ರದ್ದಿದ್ದಾಗ 2 ಆಂಪಿಯರ್ ಎಳೆದರೆ ಏರಿಳಿತ ನಾಲ್ಕು ವೋಲ್ಟಿಗೂ ಮೇಲಿರುತ್ತಿತ್ತು, ಈಗ ಎರಡು ವೋಲ್ಟಿನೊಳಗಿದೆ.

ಗುಂಯ್ ಸದ್ದಿನೊಂದಿಗೆ ಮಾತ್ರ ಒಂದು ವಾರ ಗುದ್ದಾಡಿದೆ. ಇನ್‌ಪುಟ್ ತಂತಿ ಕಿತ್ತರೂ ಅದು ನಿಲ್ಲದಿದ್ದಾಗ, ಟ್ರಾನ್ಸ್‌ಫಾರ್ಮರನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿದೆ. ಕಾಲು ಸುತ್ತು ತಿರುಗುವಷ್ಟರಲ್ಲಿ ಸದ್ದು ಅಡಗಿತು. ಅದರ ಕಾಂತಕ್ಷೇತ್ರ ಬೋರ್ಡಿನ ಮೇಲೆ ನೇರ ಬೀಳುತ್ತಿತ್ತು. ಈ ಪರೀಕ್ಷೆ ಮಾಡುವವರು 230 ವೋಲ್ಟಿನ ತುದಿಗಳಿಗೆ ಟೇಪು ಸುತ್ತಿಕೊಂಡಿರಬೇಕು.

ದೂರುಗಳೂ ಇವೆ. ಎರಡನೆಯ ಮಳೆಗಾಲದಲ್ಲಿ ಕಬ್ಬಿಣದ ಪಟ್ಟಿಗಳ ಅಂಚಿಗೆ ತುಕ್ಕು ಹಿಡಿದು ಪಟ್ಟಿಗಳೇ ಸಣ್ಣಗೆ ಅದುರತೊಡಗಿದವು. ಬಿಸಿಲು ಬಂದ ಮೇಲೆ ಒಣಗಿಸಿ ವಾರ್ನಿಶ್ ಹೊಡೆಸಿದೆ. ಮಾಡಿಸುವಾಗಲೇ ವಾರ್ನಿಶ್‌ನಲ್ಲಿ ಮುಳುಗಿಸಿ ಕೊಡಲು ಹೇಳಬೇಕಿತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ ಮನೆಯ ಇನ್ವರ್ಟರೇ ಗತಿ, ನಮ್ಮದೋ ಚೌಕ ಅಲೆಯ ಹಳೆಯ ಇನ್ವರ್ಟರ್. ಚೌಕ ಅಲೆಯ ಶಿಖರವೂ 230 ವೋಲ್ಟ್ ಆಗಿರುವುದರಿಂದ 1.414ರ ಗುಣಾಕಾರ ಅಲ್ಲಿ ನಡೆಯುವುದಿಲ್ಲ, ಡಿಸಿ 17 ವೋಲ್ಟಿಗೆ ಇಳಿಯುತ್ತದೆ, ಟ್ರಾನ್ಸ್‌ಫಾರ್ಮರೂ ದುಂಬಿಯಂತೆ ಗುಯ್‌ಗುಡುತ್ತದೆ. ಆಂಪ್ಲಿಫೈಯರ್ ನಿಲ್ಲುವುದಿಲ್ಲ, ಆದರೆ ಚೆಂಡೆ ಒಡೆದಂತೆ ಕೇಳುವುದರಿಂದ ಆಗ ತಾಳಮದ್ದಳೆಯ ಅರ್ಥಗಾರಿಕೆಯನ್ನಷ್ಟೇ ಹಾಕುತ್ತೇವೆ.